ಆತ್ಮರಕ್ಷಣೆಗೆ ಚಿಕ್ಕ ರಿವಾಲ್ವರ್: ಅರ್ಜಿಯಿಂದ ಸೊಂಟದವರೆಗೆ

"ಒಂದು ಚಿಕ್ಕ ರಿವಾಲ್ವರ್ ತಗೊಂಡು ದಿನಾ ಜೊತೆಗೆ ಇಟ್ಕೊಳ್ಳಬಹುದಾ? ಲೈಸೆನ್ಸ್ ಸಿಗುತ್ತಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಚಿನ್ನದಂಗಡಿಯವರಿದ್ದಾರೆ, ತೋಟದ ಒಂಟಿ ಮನೆಯಲ್ಲಿರುವವರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳೂ ಇದ್ದಾರೆ. ನಾನು ಮಲೆನಾಡಿನ ತೋಟದವನು. ಒಂದು ಕಾಲಕ್ಕೆ ಬಟವಾಡೆ ದುಡ್ಡು ಹಿಡಿದು ಒಬ್ಬನೇ ಘಾಟಿ ಹತ್ತಬೇಕಿತ್ತು, ಆಗ ಲೈಸೆನ್ಸ್ ಮಾಡಿಸಿದೆ. ಎಲ್ಲರಿಗೂ ಬಿಡಿ ಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ರಿವಾಲ್ವರ್ ಕೊಳ್ಳುವುದು ಈ ಕೆಲಸದಲ್ಲಿ ಸಣ್ಣ ಭಾಗ. ಉಳಿದದ್ದೆಲ್ಲ ಕಾಗದ, ಬೀರು, ಅಭ್ಯಾಸ. ಸೊಂಟಕ್ಕೆ ಅದು ಬಂದ ದಿನದಿಂದ ನೀವು ಎಲ್ಲಿಗೆ ಹೋಗಬಹುದು, ಏನು ಕುಡಿಯಬಹುದು, ಯಾರ ಜೊತೆ ಜಗಳ ಆಡಬಹುದು ಅನ್ನುವುದೂ ಬದಲಾಗುತ್ತದೆ. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

1. ನಿಮಗೆ ಲೈಸೆನ್ಸ್ ಸಿಗುತ್ತದಾ ನೋಡಿಕೊಳ್ಳಿ

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು, ಇವೆರಡೇ ಇದಕ್ಕೆ ಆಧಾರ. ನಿಮಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಮತ್ತು ಮಾನಸಿಕ ಸ್ಥಿಮಿತ ಇಲ್ಲದವರಿಗೆ ಕೊಡುವುದಿಲ್ಲ. ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ ಎಂದು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. "ಜಮೀನು ಇದ್ದವರಿಗೆ ಮಾತ್ರ ಗನ್" ಅನ್ನುವುದು ಕಟ್ಟೆ ಮಾತು ಅಷ್ಟೇ.

ಲೈಸೆನ್ಸ್ ಇಲ್ಲದೆ "ಹೇಗೋ ಸಿಗುತ್ತೆ" ಅಂತ ನಾಡ ಪಿಸ್ತೂಲಿಗೆ ಕೈ ಹಾಕುವವರಿಗೆ ಒಂದು ಮಾತು. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ 2 ವರ್ಷ ಜೈಲು, 5 ವರ್ಷದವರೆಗೂ ಹೋಗಬಹುದು.

ಕೊಡಗಿನ ಓದುಗರ ಲೆಕ್ಕ ಬೇರೆ. ಕೊಡವರಿಗೂ, ಅಲ್ಲಿಯ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ನೀವು ವಿನಾಯಿತಿ ಪತ್ರ ಮಾಡಿಸಿ ಜೊತೆಗೆ ಇಟ್ಟುಕೊಳ್ಳಿ. ಆದರೆ ಅದು ರಿವಾಲ್ವರಿಗೂ ನಡೆಯುತ್ತದಾ, ಜಿಲ್ಲೆಯ ಹೊರಗೂ ನಡೆಯುತ್ತದಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

2. "ಯಾಕೆ ಬೇಕು" ಅನ್ನುವುದನ್ನು ಸರಿಯಾಗಿ ಬರೆಯಿರಿ

ಅರ್ಜಿಗಳು ಜಾಸ್ತಿ ತಿರಸ್ಕಾರ ಆಗುವುದು ಇಲ್ಲೇ. "ಆತ್ಮರಕ್ಷಣೆಗಾಗಿ" ಅಂತ ಒಂದೇ ಪದ ಬರೆದು ಕೊಟ್ಟರೆ ಯಾವ ಅಧಿಕಾರಿಗೂ ಏನೂ ಗೊತ್ತಾಗುವುದಿಲ್ಲ. ನಿಮ್ಮ ಜೀವಕ್ಕೋ ಆಸ್ತಿಗೋ ಇರುವ ಅಪಾಯ ಅವರ ಕಣ್ಣಿಗೆ ಕಾಣಬೇಕು. ವಾರಕ್ಕೆ ಎಷ್ಟು ಸಲ ನಗದು ಸಾಗಿಸುತ್ತೀರಿ, ಯಾವ ದಾರಿಯಲ್ಲಿ, ಹತ್ತಿರದ ಠಾಣೆ ಎಷ್ಟು ಕಿಲೋಮೀಟರ್, ಹಿಂದೆ ಬೆದರಿಕೆ ಬಂದಿದ್ದರೆ ಯಾವಾಗ ದೂರು ಕೊಟ್ಟಿರಿ, ಇವೆಲ್ಲ ಬರೆಯಿರಿ. ದೂರಿನ ಪ್ರತಿ, ಬ್ಯಾಂಕಿನ ವಿವರ, ವ್ಯಾಪಾರದ ಪರವಾನಗಿ ಜೊತೆಗಿಡಿ. ಎರಡು ಪುಟ ಸಾಕು.

ಬೆದರಿಕೆ ಕರೆ ಬಂದಾಗ ದೂರು ಕೊಡದೆ ಸುಮ್ನಿದ್ದು, ಆಮೇಲೆ ಅದನ್ನೇ ಕಾರಣವಾಗಿ ಬರೆಯುವವರು ಬಹಳ. "ಹಾಗಿದ್ರೆ ಆಗ ಯಾಕೆ ಬರಲಿಲ್ಲ?" ಅಂತ ಇನ್ಸ್‌ಪೆಕ್ಟರ್ ಕೇಳಿಯೇ ಕೇಳುತ್ತಾರೆ.

ಇನ್ನೊಂದು ತಪ್ಪು: ಬೆಳೆ ರಕ್ಷಣೆಯ ಲೈಸೆನ್ಸನ್ನೂ ಆತ್ಮರಕ್ಷಣೆಯ ಲೈಸೆನ್ಸನ್ನೂ ಕಲಸಿಬಿಡುವುದು. ಹಂದಿ ಓಡಿಸಲು ಕೊಡುವ ಕೋವಿಯ ಲೈಸೆನ್ಸ್ ತೋರಿಸಿ ರಿವಾಲ್ವರ್ ಕೊಳ್ಳಲು ಆಗುವುದಿಲ್ಲ.

3. ಅರ್ಜಿ, ತರಬೇತಿ, ಪೊಲೀಸ್ ವಿಚಾರಣೆ

ಅರ್ಜಿಯ ನಮೂನೆ ಎ-1. ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರಿನಂಥ ನಗರದಲ್ಲಿ ಲೈಸೆನ್ಸ್ ಕೊಡುವುದು ಕಮಿಷನರ್, ಉಳಿದ ಕಡೆ ಜಿಲ್ಲಾಧಿಕಾರಿ. ಗುರುತು, ವಿಳಾಸ, ಹುಟ್ಟಿದ ದಿನದ ದಾಖಲೆ, ಫೋಟೋ ಇವು ಎಲ್ಲರಿಗೂ ಗೊತ್ತಿರುವವೇ. ಜನ ಮರೆಯುವುದು ಎರಡು ಕಾಗದ. ಒಂದು, ವೈದ್ಯರ ಪ್ರಮಾಣಪತ್ರ, ನಮೂನೆ ಎಸ್-3. ನಿಮ್ಮ ದೇಹ, ಮನಸ್ಸು ಸರಿ ಇದೆ, ಕುಡಿತ ಅಥವಾ ಮಾದಕ ವಸ್ತುವಿನ ಚಟ ಇಲ್ಲ ಅಂತ ಅದರಲ್ಲಿ ಬರೆದಿರಬೇಕು. ಇನ್ನೊಂದು, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ನಮೂನೆ ಎಸ್-1.

ತರಬೇತಿಗೆ ಎಲ್ಲಿ ಹೋಗುವುದು ಅಂತ ಕೇಳುತ್ತೀರಿ, ಅಲ್ವಾ? ನಮ್ಮ ರಾಜ್ಯದ ಜಿಲ್ಲಾ ಪೊಲೀಸರು ಆಗಾಗ "ನಾಗರಿಕ ಬಂದೂಕು ತರಬೇತಿ" ಶಿಬಿರ ನಡೆಸುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅಲ್ಲಿಯ ಪತ್ರ ನಿಮ್ಮ ಅರ್ಜಿಗೆ ನಡೆಯುತ್ತದಾ ಅಂತ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಸೇರಿ. ಶಿಬಿರದಲ್ಲಿ ಕೈಗೆ ಕೊಡುವುದು ಸಾಮಾನ್ಯವಾಗಿ ರೈಫಲ್, ಆದರೂ ಹೋಗಿ. ಸದ್ದಿಗೆ ಬೆಚ್ಚುವುದು ಅಲ್ಲೇ ಕಡಿಮೆಯಾಗುತ್ತದೆ.

ಅರ್ಜಿ ಠಾಣೆಗೆ ಬಂದ ಮೇಲೆ ಪೊಲೀಸರು ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ನಿಯಮದಲ್ಲಿ ಪೊಲೀಸ್ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಅಂತ ಇದೆ. ಕೈಯಲ್ಲಿ ಇನ್ನೂ ಜಾಸ್ತಿ ಸಮಯ ಇಟ್ಟುಕೊಳ್ಳಿ. ಹಳೆಯ ಜಗಳದ ಕೇಸೋ ಎಫ್‌ಐಆರೋ ಇದ್ದರೆ ಮುಚ್ಚಿಡಬೇಡಿ. ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ದೊಡ್ಡ ತೊಂದರೆ ಆಗುತ್ತದೆ. ಅರ್ಜಿ ತಳ್ಳಿದರೆ ಕಾರಣವನ್ನು ಲಿಖಿತವಾಗಿ ಕೇಳಿ, 30 ದಿನದೊಳಗೆ ಮೇಲ್ಮನವಿ ಹಾಕಿ. "ಮಾಡಿಸಿಕೊಡ್ತೀನಿ" ಅಂತ ಬರುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಹೊರ ರಾಜ್ಯದ ನಕಲಿ ಲೈಸೆನ್ಸ್ ಕೈಗಿಟ್ಟು ಮಾಯವಾಗುವವರಿದ್ದಾರೆ. ಅಸಲಿ ಲೈಸೆನ್ಸಿಗೆ ಯುಐಎನ್ ಇರುತ್ತದೆ, ಅಂದರೆ ರಾಷ್ಟ್ರೀಯ ದತ್ತಾಂಶದಲ್ಲಿ ನಿಮ್ಮ ಗುರುತು ಸಂಖ್ಯೆ.

4. ಯಾವ ರಿವಾಲ್ವರ್

ಲೈಸೆನ್ಸಿನ ವ್ಯವಹಾರದಲ್ಲಿ "ನಿಷೇಧಿತ ಬೋರ್" ಅಂತ ಒಂದು ಮಾತಿದೆ. ಬೋರ್ ಅಂದರೆ ನಳಿಕೆಯ ಒಳಗಿನ ಅಳತೆ. ಸೇನೆ, ಪೊಲೀಸರು ಬಳಸುವ 9 ಎಂಎಂನಂಥ ಅಳತೆಗಳು ಸಾಮಾನ್ಯ ಜನರಿಗಿಲ್ಲ. ನಮಗೆ ಸಿಗುವುದು ಮುಖ್ಯವಾಗಿ .32, ಸ್ವಲ್ಪ ಮಟ್ಟಿಗೆ .22.

.32ರಲ್ಲಿ ಹೆಸರಾದವು ಕಾನ್ಪುರದ ಸರ್ಕಾರಿ ಕಾರ್ಖಾನೆಯವು. 2014ರಲ್ಲಿ "ನಿರ್ಭೀಕ್" ಬಂತು. ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಹೆಂಗಸರ ಕೈಚೀಲಕ್ಕೆ ಅಂತಲೇ ಪ್ರಚಾರ ಮಾಡಿದರು, ಬೆಲೆ ಆಗಲೇ 1.22 ಲಕ್ಷ. 2023ರಲ್ಲಿ "ಪ್ರಬಲ್" ಬಂತು, ಸುಮಾರು 700 ಗ್ರಾಂ, ನಳಿಕೆ 76 ಮಿಲಿಮೀಟರ್. ಹಳೆಯವು ನಡುವೆ ಮಡಚಿಕೊಳ್ಳುತ್ತವೆ: ಹಿಂದಿನ ಚಿಲಕ ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ, ಗುಂಡು ತುಂಬುವ ಸಿಲಿಂಡರ್ ತೆರೆದುಕೊಳ್ಳುತ್ತದೆ. ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ವಿದೇಶಿ ಹಳೆಯ ರಿವಾಲ್ವರ್‌ಗಳೂ ಕೈಬದಲಾಗಿ ಸಿಗುತ್ತವೆ. ಆದರೆ 1980ರ ದಶಕದಿಂದ ಖಾಸಗಿ ಆಮದು ನಿಂತಿರುವುದರಿಂದ ಅವುಗಳ ಬೆಲೆ ಕೇಳುವ ಹಾಗಿಲ್ಲ. ನನ್ನ ಕೇಳಿದರೆ ಅದು ಹೆಸರಿಗೆ ಕೊಡುವ ದುಡ್ಡು.

ಚಿಕ್ಕದು ಅಂದರೆ ಸುಲಭ ಅಂತ ಅಂದುಕೊಳ್ಳಬೇಡಿ. ನಳಿಕೆ ಗಿಡ್ಡವಾದಷ್ಟೂ ಗುರಿ ಕಷ್ಟ, ತೂಕ ಇಳಿದಷ್ಟೂ ಕೈಗೆ ಒದೆತ ಜಾಸ್ತಿ. ಪೂರ್ತಿ ಟ್ರಿಗರ್ ಎಳೆದು ಹೊಡೆಯುವುದಕ್ಕೆ ಡಬಲ್ ಆಕ್ಷನ್ ಅನ್ನುತ್ತಾರೆ. ಅಂದರೆ ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಿ, ಗುಂಡಿಗೆ ಬಡಿಯುವ ಹ್ಯಾಮರ್ ಏರಿ ಬೀಳುತ್ತದೆ. ನಮ್ಮ ಕಡೆ ಕೋವಿ ಹಿಡಿಯುವವರು ಹ್ಯಾಮರಿಗೆ ಕುದುರೆ ಅನ್ನುತ್ತಾರೆ. ಆ ಎಳೆತಕ್ಕೆ ನಾಲ್ಕೈದು ಕೆಜಿ ಬಲ ಬೇಕು. ಅಂಗಡಿಯಲ್ಲಿ ಖಾಲಿ ರಿವಾಲ್ವರ್ ಹಿಡಿದು, ಕೇಳಿಕೊಂಡು, ಒಂದೇ ಕೈಯಲ್ಲಿ ಹತ್ತು ಸಲ ಎಳೆದು ನೋಡಿ. ಆರನೆಯ ಸಲಕ್ಕೇ ಬೆರಳು ನಡುಗಿದರೆ ಆ ಮಾದರಿ ನಿಮಗಲ್ಲ.

ಗುಂಡಿನಲ್ಲಿ ಒಂದು ದೊಡ್ಡ ಗೊಂದಲ ಇದೆ. .32 ಅಂತ ಎರಡು ಬೇರೆ ಬೇರೆ ಗುಂಡುಗಳಿವೆ. ರಿವಾಲ್ವರಿನದು ಅಂಚಿರುವ ಉದ್ದದ್ದು, .32 ಸ್ಮಿತ್ ಅಂಡ್ ವೆಸನ್ ಲಾಂಗ್. ಪಿಸ್ತೂಲಿನದು 7.65 ಎಂಎಂ, ಗಿಡ್ಡ. ಒಂದಕ್ಕೆ ಇನ್ನೊಂದನ್ನು ಹಾಕಬಾರದು. ಪೆಟ್ಟಿಗೆಯ ಮೇಲಿನದನ್ನು ಪೂರ್ತಿ ಓದಿ ಕೊಳ್ಳಿ.

5. ಕೊಳ್ಳುವ ದಿನ

ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಯ ಹತ್ತಿರ ಅಥವಾ ನೇರ ಕಾರ್ಖಾನೆಯಿಂದ ಕೊಳ್ಳಬೇಕು. ಎಷ್ಟು ದಿನದೊಳಗೆ ಕೊಳ್ಳಬೇಕು, ಎಷ್ಟು ಗುಂಡು, ಯಾವ ಪ್ರದೇಶದಲ್ಲಿ ನಡೆಯುತ್ತದೆ, ಎಲ್ಲ ಲೈಸೆನ್ಸಿನಲ್ಲೇ ಇರುತ್ತದೆ. ವ್ಯಾಪ್ತಿ ಕರ್ನಾಟಕ ಅಂತಿದ್ದರೆ ತಮಿಳುನಾಡಿನ ಹೊಸೂರಿಗೆ ಕಾಲಿಡುವ ಮೊದಲು ಯೋಚಿಸಿ.

ರಿವಾಲ್ವರಿನ ಮೈಮೇಲೆ ಕೊರೆದ ನಂಬರನ್ನು ಬೆರಳಿಟ್ಟು, ಒಂದೊಂದೇ ಅಂಕಿ ಜೋರಾಗಿ ಓದಿ, ಬಿಲ್ಲಿನ ಜೊತೆಗೂ ಲೈಸೆನ್ಸಿನ ಜೊತೆಗೂ ಹೋಲಿಸಿ. ನನ್ನ ಲೈಸೆನ್ಸಿನಲ್ಲಿ 1 ಇರಬೇಕಾದ ಕಡೆ 7 ಬಿದ್ದಿತ್ತು. ನಾನು ನೋಡಲಿಲ್ಲ. ನಾಲ್ಕು ವರ್ಷ ಆದಮೇಲೆ ಚುನಾವಣೆ ಸಮಯದಲ್ಲಿ ರಿವಾಲ್ವರನ್ನು ಠಾಣೆಗೆ ಒಪ್ಪಿಸಲು ಹೋದಾಗ ಗೊತ್ತಾಯಿತು. ಕಾಗದದ ಪ್ರಕಾರ ನನ್ನ ಕೈಲಿದ್ದದ್ದು ಬೇರೆ ಯಾರದೋ ರಿವಾಲ್ವರ್! ಸರಿಮಾಡಿಸಲು ಮೂರು ತಿಂಗಳು ಅಲೆದೆ.

6. ಮನೆಯಲ್ಲಿ ಎಲ್ಲಿಡುವುದು

ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ ಉಕ್ಕಿನ ಲಾಕರ್ ಬೇಕು. ದಿಂಬಿನ ಕೆಳಗೆ, ಸೀರೆಗಳ ನಡುವೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಯಾವುದೂ ಬೇಡ. ಗುಂಡು ಬೇರೆ ಬೀಗದಲ್ಲಿರಲಿ. ಮಕ್ಕಳಿಗೆ ಗೊತ್ತಿಲ್ಲ ಅಂತ ಮಾತ್ರ ನಂಬಬೇಡಿ. ಬೆಲ್ಲದ ಡಬ್ಬ ಎಲ್ಲಿದೆ ಅಂತ ಗೊತ್ತಿರುವ ಮಗುವಿಗೆ ಇದೂ ಗೊತ್ತಿರುತ್ತದೆ.

ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಕುಡಿತ ಇದ್ದರೆ, ಗಂಡ ಹೆಂಡಿರ ನಡುವೆ ಕೈ ಎತ್ತುವಷ್ಟು ಜಗಳ ಇದ್ದರೆ ಆ ಮನೆಗೆ ರಿವಾಲ್ವರ್ ತರಬೇಡಿ. ಆಗಲೇ ಇದ್ದರೆ ಠಾಣೆಯಲ್ಲೋ ವ್ಯಾಪಾರಿಯ ಹತ್ತಿರವೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಕರಾವಳಿ, ಮಲೆನಾಡಿನವರಿಗೆ ತೇವದ ಕಾಟ. ಚರ್ಮದ ಹೋಲ್‌ಸ್ಟರಿನಲ್ಲೇ (ಸೊಂಟಕ್ಕೆ ಕಟ್ಟುವ ರಿವಾಲ್ವರ್ ಚೀಲ) ಬಿಟ್ಟು ಲಾಕರಿಗೆ ಹಾಕಬೇಡಿ, ಚರ್ಮ ನೀರು ಹಿಡಿದುಕೊಳ್ಳುತ್ತದೆ. ಒಂದು ಮಳೆಗಾಲ ಹಾಗೆ ಬಿಟ್ಟಿದ್ದೆ. ಹಿಡಿಯ ಸ್ಕ್ರೂ ಸುತ್ತ ಅಕ್ಕಿಕಾಳಿನಷ್ಟು ಕೆಂಪು ತುಕ್ಕಿನ ಚುಕ್ಕೆ, ಆ ಗುಳಿ ಇವತ್ತಿಗೂ ಹೋಗಿಲ್ಲ. ಒರೆಸಿ, ತೆಳುವಾಗಿ ಗನ್ ಎಣ್ಣೆ ಹಚ್ಚಿ, ಲಾಕರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೊಬ್ಬರಿ ಎಣ್ಣೆ ಬೇಡ, ಆಮೇಲೆ ಅಂಟಾಗುತ್ತದೆ.

7. ಸೊಂಟದಲ್ಲಿ ಹೇಗೆ

ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೇ ಇರಬೇಕು, ಹೊರಗೆ ಕಾಣಬಾರದು, ನಿಮ್ಮ ಹಿಡಿತದಲ್ಲಿರಬೇಕು. ಹೋಲ್‌ಸ್ಟರ್ ಆರಿಸುವಾಗ ಮೂರು ನೋಡಿ: ಟ್ರಿಗರ್ ಪೂರ್ತಿ ಮುಚ್ಚಬೇಕು, ತಲೆಕೆಳಗೆ ಮಾಡಿ ಅಲ್ಲಾಡಿಸಿದರೂ ಬೀಳಬಾರದು, ರಿವಾಲ್ವರ್ ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳಬಾರದು. ಸಡಿಲ ಬೆಲ್ಟು ಹಾಕಿದರೆ ಪ್ಯಾಂಟ್ ಜಾರುತ್ತದೆ, ದಿನವಿಡೀ ಅದನ್ನೇ ಎತ್ತುತ್ತಾ ಕೂರುತ್ತೀರಿ. ಸೊಂಟ ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಅಭ್ಯಾಸವೇ ನಿಮ್ಮ ಹತ್ತಿರ ಏನಿದೆ ಅಂತ ಊರಿಗೆಲ್ಲ ಹೇಳುತ್ತದೆ.

ಹೆಣ್ಣುಮಕ್ಕಳು ಕೇಳುತ್ತಾರೆ, ವ್ಯಾನಿಟಿ ಬ್ಯಾಗಿನಲ್ಲಿ ಇಡಬಹುದಾ ಅಂತ. ಬೇಡ. ಕಳ್ಳ ಮೊದಲು ಕಿತ್ತುಕೊಳ್ಳುವುದೇ ಬ್ಯಾಗನ್ನು. ಬಸ್ಸಿನಲ್ಲಿ ಬ್ಯಾಗ್ ಪಕ್ಕಕ್ಕಿಟ್ಟು ಟಿಕೆಟ್‌ಗೆ ಚಿಲ್ಲರೆ ಹುಡುಕುವಾಗ ಅದು ನಿಮ್ಮ ಹಿಡಿತದಲ್ಲಿ ಇರುವುದೂ ಇಲ್ಲ. ಪ್ಯಾಂಟಿನ ಜೇಬಿನಲ್ಲಿ ಕೀಲಿ, ನಾಣ್ಯದ ಜೊತೆ ಇಡುವುದು ಇನ್ನೂ ಕೆಟ್ಟದ್ದು. ಕೀಲಿಯ ತುದಿ ಟ್ರಿಗರ್ ಒಳಗೆ ಹೋದರೆ ಸಾಕು.

ಬಹಳ ರಿವಾಲ್ವರ್‌ಗಳಿಗೆ ಪಿಸ್ತೂಲಿಗಿರುವ ಥರದ ಸೇಫ್ಟಿ ಗುಂಡಿ ಇರುವುದಿಲ್ಲ. ಹಳೆಯ ಮಾದರಿಯಾದರೆ, ಕೆಳಗೆ ಬಿದ್ದಾಗ ಹ್ಯಾಮರ್ ತಗುಲಿ ಗುಂಡು ಹಾರಬಹುದು. ಅಂಥದ್ದರಲ್ಲಿ ಸಿಲಿಂಡರಿನಲ್ಲಿ ಹ್ಯಾಮರ್ ಕೆಳಗೆ ಬರುವ ಗುಂಡಿನ ಕೋಣೆ ಖಾಲಿ ಬಿಟ್ಟು, ಆರರ ಬದಲು ಐದೇ ಗುಂಡು ತುಂಬಿ. ನಿಮ್ಮದು ಯಾವ ಥರ ಅಂತ ಮಾರುವವರಿಂದ ತಿಳಿದುಕೊಳ್ಳಿ.

ಇನ್ನು ಯಾವತ್ತೂ ಬಿಡಬಾರದ ನಾಲ್ಕು ಅಭ್ಯಾಸ. ಪ್ರತಿ ರಿವಾಲ್ವರಿನಲ್ಲೂ ಗುಂಡಿದೆ ಅಂತಲೇ ನಡೆದುಕೊಳ್ಳಿ. ಹೊಡೆಯಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಕೆ ತಿರುಗಿಸಬೇಡಿ. ಗುರಿ ನಿಲ್ಲುವ ತನಕ ಬೆರಳು ಟ್ರಿಗರಿನ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ನೋಡಿ. ಸ್ನೇಹಿತರು "ಒಮ್ಮೆ ತೋರಿಸೋ" ಅಂದರೆ ತೋರಿಸಬೇಡಿ. ಅನಾಹುತ ಶುರುವಾಗುವುದೇ ಈ "ಒಮ್ಮೆ ತೋರಿಸೋ"ದಿಂದ.

ಅಭ್ಯಾಸಕ್ಕೆ ರೈಫಲ್ ಅಸೋಸಿಯೇಷನ್‌ಗಳ ರೇಂಜ್‌ಗಳಲ್ಲಿ ವಿಚಾರಿಸಿ. ತೋಟದಲ್ಲಿ ತೆಂಗಿನಕಾಯಿ ಇಟ್ಟು ಹೊಡೆಯುವುದು ಬೇಡ. ಮನೆಯಲ್ಲಿ, ನಿಜವಾದ ಗುಂಡನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಡಮ್ಮಿ ಗುಂಡು ಹಾಕಿ ದಿನಾ ಹತ್ತು ನಿಮಿಷ ಟ್ರಿಗರ್ ಎಳೆದು ನೋಡಿ. ನಳಿಕೆಯ ತುದಿ ಅಲ್ಲಾಡದೆ ಇದ್ದರೆ ಅರ್ಧ ಕಲಿತ ಹಾಗೆ.

8. ಜೊತೆಗೆ ಒಯ್ಯಲಾಗದ ದಿನಗಳು

ಮೆಟ್ರೋ, ಕೋರ್ಟು, ವಿಧಾನಸೌಧ, ತಪಾಸಣೆ ಇರುವ ಮಾಲು ಇಲ್ಲೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಾರೆ. "ಕಾರಲ್ಲಿ ಬಿಟ್ಟು ಬರ್ತೀನಿ" ಅನ್ನುವುದು ಪರಿಹಾರವಲ್ಲ, ಕಾರಿನ ಗಾಜು ಒಡೆಯಲು ಒಂದು ನಿಮಿಷ ಸಾಕು. ಅಂಥ ದಿನ ಮನೆಯಲ್ಲೇ ಬಿಟ್ಟು ಹೊರಡಿ. ಒಂದು ಗುಟುಕು ಕುಡಿಯುವ ಯೋಚನೆ ಇದ್ದರೂ ಅಷ್ಟೇ.

ವಿಮಾನದಲ್ಲಿ ಕೈಚೀಲದಲ್ಲಿ ಆಗುವುದೇ ಇಲ್ಲ. ಗುಂಡು ತೆಗೆದು, ಮೊದಲೇ ಹೇಳಿ, ಲೈಸೆನ್ಸ್ ತೋರಿಸಿ ಚೆಕ್-ಇನ್ ಸಾಮಾನಿನಲ್ಲಿ ಕೊಡಬೇಕು. ಅದಕ್ಕೂ ವಿಮಾನ ಕಂಪನಿ ಒಪ್ಪಬೇಕು. ಇನ್ನೊಂದು ಎಚ್ಚರಿಕೆ: ಯಾವತ್ತೋ ಬ್ಯಾಗಿನ ಮೂಲೆಯಲ್ಲಿ ಬಿಟ್ಟ ಒಂದೇ ಒಂದು ಗುಂಡು ಎಕ್ಸ್‌ರೇಯಲ್ಲಿ ಕಂಡರೂ ನಿಮ್ಮ ಪ್ರಯಾಣ ಅಲ್ಲಿಗೇ ಮುಗಿಯಿತು.

ನಿಷೇಧಾಜ್ಞೆ ಜಾರಿಯಾದರೆ ಆದೇಶ ಓದಿ, ಶಸ್ತ್ರ ಹಿಡಿದು ತಿರುಗುವುದನ್ನು ಅದರಲ್ಲಿ ಸಾಮಾನ್ಯವಾಗಿ ತಡೆದಿರುತ್ತಾರೆ. ಚುನಾವಣೆ ಘೋಷಣೆಯಾದರೆ ಠಾಣೆಯಿಂದ ಕರೆ ಬರಬಹುದು. ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ನಿಜವಾದ ಬೆದರಿಕೆ ಇದ್ದರೆ ವಿನಾಯಿತಿಗೆ ಅರ್ಜಿ ಹಾಕಬಹುದು.

ಮದುವೆ, ಹಬ್ಬ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು? 2019ರ ತಿದ್ದುಪಡಿಯಲ್ಲಿ ಅದಕ್ಕೆಂದೇ ಶಿಕ್ಷೆ ಬಂದಿದೆ. 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸೂ ಹೋಗಬಹುದು.

9. ಯಾವಾಗ ಬಳಸಬಹುದು

ಈ ಭಾಗವನ್ನು ಎರಡು ಸಲ ಓದಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ವರೆಗೆ ಖಾಸಗಿ ರಕ್ಷಣೆಯ ಹಕ್ಕು ಇದೆ. ಹಳೆಯ ಐಪಿಸಿಯಲ್ಲಿ ಇದು 96ರಿಂದ 106. ಸಾರ ಇಷ್ಟೇ: ಈಗಲೇ ನನ್ನನ್ನು ಕೊಲ್ಲುತ್ತಾರೆ ಅಥವಾ ತೀವ್ರವಾಗಿ ಗಾಯ ಮಾಡುತ್ತಾರೆ ಅನ್ನುವ ನಿಜವಾದ ಭಯ ಇರಬೇಕು. ಅತ್ಯಾಚಾರ, ಆ್ಯಸಿಡ್ ದಾಳಿ, ಅಪಹರಣದಂಥವೂ ಇದರಲ್ಲಿ ಬರುತ್ತವೆ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಹಕ್ಕಿಲ್ಲ. ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಪಾಯ ಮುಗಿದರೆ ಹಕ್ಕೂ ಮುಗಿಯಿತು.

ಸರ ಕಿತ್ತುಕೊಂಡ ಹುಡುಗ ಬೈಕಿನಲ್ಲಿ ನಲವತ್ತು ಅಡಿ ದೂರ ಹೋಗಿದ್ದಾನೆ, ನೀವು ಬೆನ್ನಿಗೆ ಹೊಡೆದಿರಿ. ಆಗ ಆರೋಪಿ ನೀವು. ಕಾರಿಗೆ ಗೀರಿದವನು ಕೆಟ್ಟ ಮಾತು ಬೈದ, ನೀವು ಅಂಗಿ ಎತ್ತಿ ಸೊಂಟ ತೋರಿಸಿದಿರಿ. ಆಗಲೂ ನೀವೇ. ಮಚ್ಚು ಹಿಡಿದವನು ಓಣಿಯಲ್ಲಿ ಮೂರು ಹೆಜ್ಜೆ ದೂರದಲ್ಲಿದ್ದಾನೆ, ಹಿಂದೆ ಗೋಡೆ, ಓಡಲು ದಾರಿಯಿಲ್ಲ. ಕಾನೂನು ಯೋಚಿಸಿರುವುದು ಇಂಥ ಗಳಿಗೆಯನ್ನು. ಆದರೂ ಅದು ರಕ್ಷಣೆಯೇ ಆಗಿತ್ತು ಅಂತ ಕೋರ್ಟಿನಲ್ಲಿ ತೋರಿಸುವ ಹೊಣೆ ನಿಮ್ಮದು.

"ಎಚ್ಚರಿಕೆಗೆ ಮೇಲಕ್ಕೆ ಒಂದು ಹೊಡೀತೀನಿ" ಅನ್ನುವವರಿಗೆ: ಮೇಲೆ ಹೋದ ಗುಂಡು ಯಾರದೋ ಮನೆಯ ಶೀಟಿನ ಮೇಲೆ ಇಳಿಯುತ್ತದೆ.

ಹೊಡೆಯಲೇಬೇಕಾಗಿ ಬಂದಿತು ಅಂದುಕೊಳ್ಳಿ. ಅಪಾಯ ಮುಗಿದದ್ದು ಖಚಿತವಾದ ಮೇಲೆ ರಿವಾಲ್ವರ್ ಹೋಲ್‌ಸ್ಟರಿಗೆ ಹಾಕಿ. 112ಕ್ಕೆ ಕರೆ ಮಾಡಿ, ಗಾಯಾಳುವಿಗೆ ಆಂಬುಲೆನ್ಸ್ ಕೇಳಿ, ಅವನೇ ದಾಳಿಕೋರನಾದರೂ. ಜಾಗ ಬಿಟ್ಟು ಹೋಗಬೇಡಿ, ಸಿಲಿಂಡರ್ ತೆರೆದು ಗುಂಡಿನ ಖಾಲಿ ಕೋಶ ತೆಗೆಯಬೇಡಿ. ಪೊಲೀಸರು ಬಂದಾಗ ಖಾಲಿ ಕೈ ಕಾಣುವ ಹಾಗೆ ನಿಂತು, ರಿವಾಲ್ವರ್ ಎಲ್ಲಿದೆ ಅಂತ ಬಾಯಲ್ಲಿ ಹೇಳಿ. ಅದನ್ನು ಅವರೇ ತೆಗೆದುಕೊಳ್ಳಲಿ. ಉಳಿದ ಮಾತು ವಕೀಲರು ಬಂದ ಮೇಲೆ.

10. ಆಮೇಲಿನ ಕಾಗದಗಳು

ಲೈಸೆನ್ಸ್ ಈಗ 5 ವರ್ಷಕ್ಕೆ. ನವೀಕರಣಕ್ಕೆ ಎರಡು ತಿಂಗಳು ಮೊದಲೇ ಹೋಗಿ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, 2019ಕ್ಕಿಂತ ಮೊದಲು ಮೂರು ಇತ್ತು. ಮಾರುವುದಿದ್ದರೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು, ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. ಕಳೆದುಹೋದರೆ ಅದೇ ಗಂಟೆಯಲ್ಲಿ ಠಾಣೆಗೆ. "ನಾಳೆ ಸಿಗಬಹುದು" ಅಂತ ಕಾಯಬೇಡಿ.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಮನೆಯವರು ರಿವಾಲ್ವರನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬಹುದು. ಇದು ಗೊತ್ತಿಲ್ಲದೆ, ಅಜ್ಜನ ಕೋವಿ ಅಂತ ಅಟ್ಟದಲ್ಲಿಟ್ಟು ಸಿಕ್ಕಿಬಿದ್ದ ಮನೆಗಳಿವೆ. ನಮ್ಮ ಬೀರುವಿನ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಲೈಸೆನ್ಸ್ ಯಾವ ಫೈಲಿನಲ್ಲಿದೆ, ಲಾಕರಿನ ಇನ್ನೊಂದು ಕೀಲಿ ಯಾರ ಹತ್ತಿರ, ಯಾವ ಠಾಣೆಗೆ ಒಪ್ಪಿಸಬೇಕು, ಮೂರೇ ಸಾಲು. ಮಗಳು ಓದಿ, "ಅಪ್ಪಾ, ಅಕ್ಷರ ಸ್ವಲ್ಪ ದೊಡ್ಡದಾಗಿ ಬರಿ, ಅಮ್ಮನಿಗೆ ಕಾಣಲ್ಲ" ಅಂದಳು. ಮತ್ತೆ ಬರೆದು ಅಂಟಿಸಿದೆ.